ನೀಲಿಯ ಆಯುಷ್ಯ

ಕರೆಂಟು ಹರಿಸಿದರೆ ತಾನಾಗಿ ಬೆಳಗುವ ಅಣುಗಳನ್ನು ಕಟ್ಟುವವರ ಲ್ಯಾಬು ಅದು. ಆ ಕಸುಬಿನಲ್ಲಿ ನೀಲಿಯಷ್ಟು ಹಟಮಾರಿ ಬೇರೊಂದಿಲ್ಲ. ಗಾಜಿನ ಚೂರಿನ ಮೇಲೆ ತೆಳ್ಳಗೆ ಕೂರಿಸಿದ ಕೆಂಪು, ಹಸಿರು ಅಣುಗಳು ವರ್ಷಗಟ್ಟಲೆ ಬಾಳುತ್ತವೆ. ನೀಲಿ ಮಾತ್ರ ಇವತ್ತು ಹುಟ್ಟಿ ನಾಳೆ ಸಾಯುತ್ತದೆ. ಅಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಹಿರಿಯ ಸಂಶೋಧಕಿಯ ನೀಲಿಯೂ ಹಾಗೇ, ಹತ್ತೊಂಬತ್ತು ಗಂಟೆಗೆ ಅರ್ಧ ಬೆಳಕು ಕಳೆದುಕೊಂಡಿತ್ತು. ಆರು ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಸಿಟ್ಟಿಗೋ ಸಂಕಟಕ್ಕೋ, ಕಪಾಟಿನಲ್ಲಿದ್ದ ಕೊಂಡು ತಂದ ಸೀಸೆಯಿಂದ ನೀಲಿ ಬೆಳಕಿನ ಬೇರೆ ಪುಡಿ ಒಂದು ಚಿಟಿಕೆ ಬೆರೆಸಿ ನೋಡಿದಳು. ನಾನೂರು ಗಂಟೆ ಬೆಳಗಿತು. ಬೆರೆಸಿದ್ದನ್ನು ಹೇಳಬೇಕಿತ್ತು, ಹೇಳಲಿಲ್ಲ. ಅದರ ಮೇಲೆ ಪಿಎಚ್‌ಡಿ ಪದವಿ ಬಂತು, ಕೆಲಸವೂ ಖಾಯಂ ಆಯಿತು.

ಆಮೇಲೆ ಬಂದವಳು ಚಿಕ್ಕವಳು. ಅಕ್ಕನ ಅಣುವನ್ನೇ ಮತ್ತೆ ಮಾಡಿ, ಅದರ ಮೇಲೆ ಇನ್ನೂ ಒಳ್ಳೆಯದನ್ನು ಕಟ್ಟಬೇಕೆಂದು ಗೈಡು ಅವಳಿಗೆ ಒಪ್ಪಿಸಿದ್ದರು. ಎರಡು ವರ್ಷದ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು, ಪಾಪ. ಮೂರು ವರ್ಷ ಮಾಡಿದ್ದೇ ಮಾಡಿದಳು. ಪುಡಿಯನ್ನು ಆವಿ ಮಾಡಿ ಶುದ್ಧಗೊಳಿಸುವುದು ಒಂದೆರಡು ಸಲ ಸಾಕು, ಇವಳು ಐದು ಸಲ ಮಾಡಿದಳು. ಬಂದದ್ದು ಅದೇ ಹತ್ತೊಂಬತ್ತು. ಒಮ್ಮೆ ಇಪ್ಪತ್ತು ಬಂದಾಗ ಎಲ್ಲರಿಗೂ ಚಹಾ ಕೊಡಿಸಿದ್ದಳು ಹುಚ್ಚಿ! ರಜೆಗೆ ಹೋದರೆ ಮಗು ಅಜ್ಜಿಯ ಬೆನ್ನ ಹಿಂದೆ ಅಡಗಿ, ಇವರು ಯಾರು ಎಂದು ಕೇಳುತ್ತದಂತೆ. ಗೈಡು ಎಲ್ಲರೆದುರೇ, ಕೆಲವರ ಕೈಗುಣವೇ ಹಾಗೆ, ಮುಟ್ಟಿದರೆ ಹಾಲು ಒಡೆಯುತ್ತದೆ ಎಂದರು. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ ಎಂಬ ಭಯ ಅವಳಿಗೆ.

ಕೊನೆಗೊಂದು ದಿನ ಚಿಕ್ಕವಳೇ ಬಂದು ಕೇಳಿದಳು.

"ನನ್ನ ಪುಡಿ ಇಟ್ಕೊಂಡು ನೀವೇ ಒಂದ್ಸಲ ಮಾಡಿ ತೋರಿಸಿ ಅಕ್ಕಾ. ನಿಮ್ಮ ಕೈಲೂ ಆಗ್ಲಿಲ್ಲ ಅಂದ್ರೆ ದೋಷ ಅಣುವಿಂದು. ಆಯ್ತು ಅಂದ್ರೆ ನಂದು, ನಾನು ಊರಿಗೆ ಹೋಗ್ಬಿಡ್ತೀನಿ."

ಮರುದಿನ ಬೆಳಿಗ್ಗೆ ಅಕ್ಕ ಪುಡಿ ಕಾಯಿಸುವ ಎರಡು ಮೂಸೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು. ಒಂದು ಬರಿದು. ಇನ್ನೊಂದರ ತಳದಲ್ಲಿ ಆ ಸೀಸೆಯ ಚಿಟಿಕೆ. ಬಿಳಿ ಮೂಸೆಗೆ ಅಂಟಿದ ಬಿಳಿ ಪುಡಿ ಯಾರ ಕಣ್ಣಿಗೂ ಬೀಳದು. ಬರಿದಾದದ್ದನ್ನೇ ಕೊಡಬೇಕು, ಈ ಸುಳ್ಳಿನ ಶನಿ ಇವತ್ತಿಗೆ ತೊಲಗಲಿ ಎಂದು ಮೆಟ್ಟಿಲು ಹತ್ತುವಾಗ ನಿಜವಾಗಿಯೂ ಅಂದುಕೊಂಡಿದ್ದಳು. ಹಾಗಿದ್ದರೆ ಎರಡನೆಯದನ್ನು ತಂದದ್ದೇಕೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ. ಚಿಕ್ಕವಳು ತನ್ನ ಪುಡಿಯನ್ನು ತೂಗಿ, ಯಾವುದಕ್ಕೆ ಹಾಕಲಿ ಅಕ್ಕಾ ಎಂದು ಕೇಳಿದಳು. ಅಕ್ಕ ಎರಡನೆಯದಕ್ಕೆ ಬೆರಳು ತೋರಿಸಿದಳು.

ಮಾರನೆಯ ಮಧ್ಯಾಹ್ನ ಇಪ್ಪತ್ತಾರು ಗಂಟೆ ದಾಟಿದರೂ ಗಾಜಿನ ಮೇಲಿನ ಬೆಳಕು ಇಳಿದಿರಲಿಲ್ಲ. ಚಿಕ್ಕವಳು ಅಳಲಿಲ್ಲ. ಮೂರು ವರ್ಷದ ನೋಟ್‌ಬುಕ್ಕುಗಳನ್ನೆಲ್ಲ ತಂದು ಅಕ್ಕನ ಮೇಜಿನ ಮೇಲಿಟ್ಟಳು.

"ಸಮಾಧಾನ ಆಯ್ತು ಅಕ್ಕಾ. ತಪ್ಪು ನಂದೇ ಅಂತ ಗೊತ್ತಾಗ್ದೆ ಇನ್ನೂ ಎಷ್ಟು ವರ್ಷ ಇಲ್ಲೇ ಕೊಳೀತಿದ್ನೋ. ನೀವು ಉಳಿಸಿದ್ರಿ ನನ್ನ."

ಅಕ್ಕ ಹುಷಾರಾಗಿ ಹೋಗಿ ಬಾ ಎಂದಳು.