ಬಿರುಕಿಗೆ ಹಿಡಿದ ಟೇಪು

ಕಾಲುವೆಯ ಮೇಲಿನ ಕಾಲುಸೇತುವೆಯ ಕಂಬ ಬಿರುಕು ಬಿಟ್ಟಿದೆ ಎಂದು ಟೈಲರಮ್ಮ ಎರಡು ಸಲ ಪುರಸಭೆ ಕಚೇರಿಗೆ ಹೋಗಿ ಹೇಳಿ ಬಂದಿದ್ದಳು. ಬಟ್ಟೆ ಹೊಲಿಯುವವರಿಗೆ ಎಲ್ಲೆಲ್ಲೂ ಹರಿದದ್ದೇ ಕಾಣುತ್ತದೆ ಎಂದು ಗುಮಾಸ್ತ ನಕ್ಕಿದ್ದ. ಮಗಳು ದಿನಕ್ಕೆರಡು ಬಾರಿ ಅದೇ ಸೇತುವೆ ದಾಟಿ ಶಾಲೆಗೆ ಹೋಗಿ ಬರುತ್ತಿದ್ದಳು. ನಗುವವರು ನಗಲಿ ಎಂದು ಬಿಡುವ ಮಾತಾಗಿರಲಿಲ್ಲ.

ಪ್ರತಿ ಸೋಮವಾರ ಅವಳು ಬಿರುಕಿನ ತುದಿಗಳಿಗೆ ಸೀಮೆಸುಣ್ಣದ ಗೆರೆ ಎಳೆದು, ಟೇಪು ಹಿಡಿದು ಅಳೆದು, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದಿಟ್ಟಳು. ನಾಲ್ಕನೆಯ ಸೋಮವಾರದ ಹೊತ್ತಿಗೆ ಅದು ನಾಲ್ಕು ಬೆರಳು ಬೆಳೆದಿತ್ತು. ಫೋನಿನ ಹಿಂದಿನ ಕ್ಯಾಮೆರಾ ಒಡೆದಿದ್ದರಿಂದ, ಸೇತುವೆಗೆ ಬೆನ್ನು ಹಾಕಿ ನಿಂತು ಮುಂದಿನದರಲ್ಲೇ ಫೋಟೊ ತೆಗೆದು ಊರಿನ ಪತ್ರಿಕೆಗೆ ಕಳಿಸಿದಳು.

ಮರುದಿನ ಬೆಳಿಗ್ಗೆ ವರದಿಗಾರ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಮೊಣಕಾಲಿನವರೆಗೂ ಕೆಸರು. ಫೋಟೊದಲ್ಲಿ ಕಂಡಂತೆ ಶಾಲೆಯ ಕಡೆಯ ಕಂಬದ ಬುಡಕ್ಕೆ ಇಳಿದಿದ್ದನಂತೆ.

"ಅಲ್ಲಿ ಬಿರುಕೇ ಇಲ್ಲವಲ್ಲಮ್ಮ," ಎಂದ.

ದನಿಯಲ್ಲಿ ಆಕ್ಷೇಪವಿರಲಿಲ್ಲ. ಫೋಟೊ ಅಳಿಸಿಹಾಕಿ ಸುಮ್ಮನಿರಬಹುದಿತ್ತು, ಕೇಳಲು ಬಂದಿದ್ದ.

ಅವಳು ಫೋನು ತೆಗೆದು ನೋಡಿದಳು. ಇಬ್ಬರೂ ಬಿರುಕನ್ನಷ್ಟೇ ನೋಡಿದ್ದರು. ಮೂಲೆಯಲ್ಲಿದ್ದ ಸೇತುವೆಯ ಫಲಕದ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇದ್ದವು. ಎಡ ಬಲ ಅದಲುಬದಲಾಗಿ ಈ ಕಡೆಯ ಕಂಬ ಆ ಕಡೆಯದಾಗಿ ಕಂಡಿತ್ತು.

"ಒಳಮೈ ಹೊರಗೆ ಮಾಡಿ ಹೊಲಿದ ಹಾಗಾಯ್ತಲ್ಲಪ್ಪ. ಬಿರುಕಿರೋದು ಈ ಕಡೆ ಕಂಬದಲ್ಲಿ, ಬನ್ನಿ."

ಗೆರೆಗಳನ್ನು ಕಂಡ ವರದಿಗಾರ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ. ಇದ್ದ ಹಾಗೇ ಅಚ್ಚಾಗಿದ್ದರೆ ಕಚೇರಿಯವರು ಆಚೆ ಕಂಬ ತೋರಿಸಿ ಇಬ್ಬರನ್ನೂ ಸುಳ್ಳರೆನ್ನುತ್ತಿದ್ದರು ಎಂದ. ಹೊಸದಾಗಿ ಫೋಟೊ ತೆಗೆದ. ಅಳತೆ ಪುಸ್ತಕ ಕೇಳಿದ.

"ಎಡಗಡೆ ಪುಟದ ಫೋಟೊ ಮಾತ್ರ ತೆಗೀಬೇಡಿ," ಎಂದು ಅವಳು ಅಂಗೈ ಅಡ್ಡ ಇಟ್ಟಳು. "ಅದರಲ್ಲಿ ಊರವರ ಸೊಂಟದ ಸುತ್ತಳತೆ ಇದೆ."

ಬಿರುಕಿನ ಅಳತೆಯಿದ್ದ ಪುಟದ ನಕಲು ಹಿಡಿದು ಅವನು ಕಚೇರಿಗೂ ಹೋಗಿ ಅವರ ಉತ್ತರ ಕೇಳಿದ. ಇಂಜಿನಿಯರು ತಾವೇ ಬಂದು ಟೇಪು ಹಿಡಿದರು. ಸಂಜೆಯೊಳಗೆ ಸೇತುವೆಗೆ ಅಡ್ಡಬೇಲಿ ಬಿತ್ತು. ಬೆಳಿಗ್ಗೆ ಪತ್ರಿಕೆಯ ಮೊದಲ ಪುಟದಲ್ಲಿ ಅವನ ಹೆಸರಿನ ಪಕ್ಕದಲ್ಲೇ ಅವಳದ್ದೂ ಇತ್ತು. ಆದರೆ ಮೂರು ತಿಂಗಳಿನಿಂದ ಅಳೆಯುತ್ತಿದ್ದಾಳೆ ಎಂದು ಅಚ್ಚಾಗಿತ್ತು. ಅವಳು ಕೂಡಲೇ ಫೋನು ಮಾಡಿದಳು.

"ಮೂರು ವಾರ ಕಣಪ್ಪ. ನಿಮ್ಮ ಪೇಪರಲ್ಲೂ ಅಳತೆ ತಪ್ಪಬಾರದು."

ತಿದ್ದುಪಡಿ ಮರುದಿನ ಅದೇ ಪುಟದಲ್ಲಿ ಬಂತು. ಮಗಳು ದೊಡ್ಡ ರಸ್ತೆ ಸುತ್ತಿಕೊಂಡು ಶಾಲೆಗೆ ಹೊರಟಳು. ಅರ್ಧ ಗಂಟೆ ಬೇಗ ಎಬ್ಬಿಸಿದ್ದಕ್ಕೆ ಅಮ್ಮನನ್ನೂ ಪತ್ರಿಕೆಯನ್ನೂ ಸೇರಿಸಿ ಬೈದಳು. ಟೈಲರಮ್ಮ ಬೈಸಿಕೊಳ್ಳುತ್ತಲೇ ಬುತ್ತಿ ಕೈಗಿಟ್ಟಳು.