ಒಂದು ಎಳೆತಕ್ಕೆ ಮೂರು ಗುಂಡು

೧೯೯೩ರ ಮೇ ೧೫, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಮಿಷಿಗನ್ನಿನ ಉತ್ತರ ತುದಿಯ ಹಳೆಯ ಜಲ್ಲಿಗುಂಡಿಯಲ್ಲಿ ರೇನೊ ಕೆಸ್ಟಿಲಾ ತನ್ನ ಗ್ಯಾರಂಡ್ ರೈಫಲ್ಲಿನ ಎಂಟನೆಯ ಗುಂಡು ಹಾರಿಸಿದ. ಖಾಲಿಯಾದ ತಗಡಿನ ಕ್ಲಿಪ್ಪು ಟಿಣ್ಣೆಂದು ಚಿಮ್ಮಿ ಹುಲ್ಲಿಗೆ ಬಿತ್ತು. ಅರೆಕ್ಷಣದ ನಂತರ, ನೂರು ಗಜದಾಚೆಯ ಕಬ್ಬಿಣದ ತಟ್ಟೆ ಠಣ್ಣೆಂದಿತು. ಈ ಎರಡು ಸದ್ದುಗಳ ನಡುವಿನ ಬಿಡುವಿಗಾಗಿಯೇ ಅವನು ಇಪ್ಪತ್ತು ವರ್ಷದಿಂದ ಶನಿವಾರ ತಪ್ಪಿಸಿರಲಿಲ್ಲ. ತಾಮ್ರದ ಗಣಿಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನಿಗೆ ಹೆಗಲಿನ ಆ ಒದೆತ, ಸುಟ್ಟ ಮದ್ದಿನ ವಾಸನೆ, ಬಿಸಿಯಾದ ಮರದ ಹಿಡಿ, ಇವಿಷ್ಟು ಸಿಕ್ಕರೆ ವಾರ ಸಾರ್ಥಕ.

ಅಷ್ಟರಲ್ಲಿ ಎಡಗಡೆ ಬಟ್ಟೆ ಹರಿದಂಥ ಸದ್ದು. ಮೂರು ಗುಂಡು, ಒಂದೇ ಉಸಿರಿಗೆ.

"ನಿಲ್ಸಿ!" ರೇನೊ ಕೂಗಿದ. ಆ ದಿನ ಗುಂಡು ಹಾರಿಸುವವರ ಸಾಲಿನ ಉಸ್ತುವಾರಿ ಅವನದೇ.

ಹಾರಿಸಿದವನು ಡ್ವೇನ್ ಪೆಲ್ಕಿ. ರೇನೊನ ಮಗಳು ಐಲಾಳನ್ನು ಜೂನ್ ಕೊನೆಗೆ ಮದುವೆಯಾಗಲಿದ್ದ ಹುಡುಗ. ಅವನ ಕೈಯಲ್ಲಿದ್ದದ್ದು ಎಸ್‌ಕೆಎಸ್ ಎಂಬ ಹಳೆಯ ಸೈನ್ಯದ ಕೋವಿ. ಚೀನಾದ ಉಗ್ರಾಣದಿಂದ ಮೈತುಂಬ ಗ್ರೀಸು ಮೆತ್ತಿಕೊಂಡು ಬಂದಿತ್ತು. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹಾರಬೇಕಾದ ಕೋವಿ ಅದು. ತುಂಬಿದ್ದ ಮೂರೂ ಗುಂಡು ಮುಗಿದಿದ್ದವು. ಡ್ವೇನ್ ಅದನ್ನು ಮೇಜಿನ ಮೇಲಿಡುವ ಬದಲು, ಅವಸರದಲ್ಲಿ ಕಂಬಳಿ ಸುತ್ತಿಬಿಟ್ಟ. ರೇನೊನ ಕಣ್ಣು ಆ ಕಂಬಳಿಯ ಮೇಲೇ ಕೂತಿತು.

ಹಳೆಯ ಗೆಳೆಯ ಟ್ರೆಂಬತ್ ಪಕ್ಕಕ್ಕೆ ಬಂದ. "ಏನಯ್ಯಾ, ನಿನ್ನ ಅಳಿಯ ಮದುವೆಗೆ ಪಟಾಕಿ ಬದ್ಲು ಮೆಷಿನ್‌ಗನ್ ಹೊಡೀತಾನಾ?"

"ಇನ್ನೂ ಅಳಿಯ ಆಗಿಲ್ಲ."

"ಆಗೋ ಮುಂಚೆ ವಿಚಾರಿಸ್ಕೊ. ಲೇತ್ ಶಾಪಿನ ಹುಡುಗ. ಅರ ಎಲ್ಲಿ ಉಜ್ಜಿದ್ರೆ ಏನಾಗುತ್ತೆ ಅಂತ ಗೊತ್ತಿರೋದಿಲ್ವಾ? ಸಂಜೆ ತನಕ ನೋಡ್ತೀನಿ. ನೀನು ಹೇಳದಿದ್ರೆ ಶೆರಿಫ್‌ಗೆ ನಾನೇ ಹೇಳ್ತೀನಿ."

ಒಂದು ಎಳೆತಕ್ಕೆ ಹಲವು ಗುಂಡು ಹಾರುವಂತೆ ಕೋವಿಯನ್ನು ತಿದ್ದಿದವನಿಗೆ ಹತ್ತು ವರ್ಷದವರೆಗೆ ಜೈಲು. ಐಲಾಳ ಮದುವೆ ಜೈಲಿನವನೊಂದಿಗೆ ಆಗಬೇಕೇ? ರೇನೊ ಡ್ವೇನ್‌ನತ್ತ ನಡೆದ.

"ಏನು ಮಾಡಿದೆ ಅದಕ್ಕೆ?"

"ಏನೂ ಮಾಡಿಲ್ಲ, ಮಾವ. ತಾನಾಗೇ ಹಾರ್ತು."

"ತಾನಾಗೇ ಏನೂ ಹಾರಲ್ಲ. ನೇರ ನಮ್ಮನೆಗೆ ತಗೊಂಡು ಬಾ."

ಆದರೆ ಡ್ವೇನ್‌ನ ಟ್ರಕ್ಕು ನೇರ ಬರಲಿಲ್ಲ. ರೇನೊ ಕಿಟಕಿಯಲ್ಲಿ ನಿಂತು ಕಾದ. ದಾರಿಯಲ್ಲಿ ಎಲ್ಲೋ ನಿಂತು ಟ್ರಿಗರಿನ ಭಾಗ ಬದಲಾಯಿಸುತ್ತಿರಬಹುದು. ತಪ್ಪು ಮಾಡದವನು ಕಂಬಳಿ ಯಾಕೆ ಸುತ್ತಬೇಕಿತ್ತು? ಕೊನೆಗೆ ಬಂದ ಡ್ವೇನ್‌ನ ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಜಿಡ್ಡು ಹತ್ತಿದ ಕಾಗದದ ಚೀಲ.

"ಐಲಾ ಪಾಸ್ಟಿ ತರೋಕೆ ಹೇಳಿದ್ಲು. ಬೇಕರೀಲಿ ರಶ್ಶಿತ್ತು."

ಮಾಂಸ, ಆಲೂಗಡ್ಡೆ ತುಂಬಿದ ಆ ಪಾಸ್ಟಿ ಕಡುಬು ಬಿಸಿಯಾಗಿಯೇ ಇತ್ತು. ಬಿಸಿ ಪಾಸ್ಟಿ ಏನನ್ನೂ ಸಾಬೀತು ಮಾಡುವುದಿಲ್ಲ ಎಂದುಕೊಂಡ ರೇನೊ.

ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಕೋವಿ ಬಿಚ್ಚಿದರು. ರೇನೊ ಟ್ರಿಗರಿನ ಒಂದೊಂದು ಅಂಚನ್ನೂ ಭೂತಗನ್ನಡಿಯ ಕೆಳಗೆ ಹಿಡಿದ. ಅರದ ಗೀರು ಸಿಗಲಿ ಎಂದು ತಾನೇ ಬಯಸುತ್ತಿದ್ದೇನೆ ಎಂಬುದು ಮೂರನೆಯ ಸಲ ನೋಡುವಾಗ ಅವನಿಗೆ ಹೊಳೆಯಿತು. ಗೀರು ಸಿಗಲಿಲ್ಲ. ಹಾಗಿದ್ದರೂ ಅನುಮಾನ ಕರಗಲಿಲ್ಲ. ಲೇತ್ ಶಾಪಿನವನಿಗೆ ಗೀರು ಅಳಿಸಲು ಬಾರದೇ?

"ತಟ್ಟೆ ಇಡ್ಬೇಕು, ಜಾಗ ಬಿಡಿ," ಎಂದು ಐಲಾ ಬಿಡಿಭಾಗಗಳನ್ನು ಪಕ್ಕಕ್ಕೆ ಸರಿಸಿದಳು. ಗುಂಡಿನ ಬೆನ್ನು ಮುಚ್ಚುವ ದಪ್ಪ ಉಕ್ಕಿನ ಬೋಲ್ಟ್ ಕೈಗೆ ಬಂತು. ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದ್ಯಾಕಪ್ಪ ಮಾತೇ ಆಡ್ತಿಲ್ಲ?"

"ಯಾವ್ದು?"

"ಟ್ರೆಂಬತ್ ಮಾಮ ಯುದ್ಧದಿಂದ ತಂದಿದ್ನಲ್ಲ, ಇಂಥದ್ದೇ ಕೋವಿ? ನೀವಿಬ್ರೂ ಅದನ್ನ ಒರೆಸೋವಾಗ ನಾನು ಅಳಬಾರ್ದು ಅಂತ ಇದನ್ನ ಕೈಗೆ ಕೊಡ್ತಿದ್ರಿ. ಗಿಲಕಿ ಥರ ಲೊಟಲೊಟ ಅಂತಿತ್ತು."

ರೇನೊ ಬೋಲ್ಟನ್ನು ಕಸಿದುಕೊಂಡ. ಒಳಗೆ ಸಡಿಲವಾಗಿ ಓಡಾಡಬೇಕಾದ ಪಿನ್ನು, ಗುಂಡಿನ ತಳಕ್ಕೆ ಬಡಿಯುವ ಪಿನ್ನು, ಮೂತಿ ಹೊರಗೆ ಹಾಕಿಕೊಂಡು ನಿಂತಿತ್ತು. ಹೆಬ್ಬೆರಳಲ್ಲಿ ಒತ್ತಿದ. ಜಗ್ಗಲಿಲ್ಲ. ಅದರ ಸುತ್ತ ಕಂದು ಬಣ್ಣದ ಗಟ್ಟಿ ಗೆರೆ. ಮೊದಲ ಹೊಡೆತಕ್ಕೆ ಮುಂದೆ ಬಂದ ಪಿನ್ನು ಹೀಗೆ ಹೊರಗೇ ಕಚ್ಚಿಕೊಂಡರೆ, ಆಮೇಲೆ ಬೋಲ್ಟ್ ಮುಚ್ಚಿದಾಗಲೆಲ್ಲ ಗುಂಡು ತಾನಾಗಿಯೇ ಹಾರುತ್ತದೆ. ಟ್ರಿಗರು ಬೇಕಿಲ್ಲ.

"ಗ್ರೀಸು," ಎಂದ. "ಎಲ್ಲಾ ಇಳಿದು ಇಲ್ಲಿ ಬಂದು ಕೂತಿದೆ. ಬೆಳಿಗ್ಗೆ ಚಳಿಗೆ ಕಲ್ಲಾಗಿದೆ. ಸೌನಾದಲ್ಲಿ ಹೇಗೆ ನೇತುಹಾಕಿದ್ದೆ?"

ಆ ಊರಲ್ಲಿ ಇಂಥ ಕೋವಿ ಬಂದರೆ ಎಲ್ಲರೂ ಮಾಡುವುದು ಅದನ್ನೇ: ಸೌನಾ ಕೋಣೆಯ ಒಲೆ ಹೊತ್ತಿಸಿ, ಮನುಷ್ಯರು ಬೆವರುವ ಜಾಗದಲ್ಲಿ, ಗ್ರೀಸು ಕರಗಿ ಇಳಿಯಲೆಂದು, ಕೋವಿಯನ್ನೂ ಬೆವರಿಸುವುದು. ಡ್ವೇನ್ ಬೆವರಿಸಿದ್ದು ರೇನೊನ ಸೌನಾದಲ್ಲೇ.

"ನಳಿಗೆ ಕೆಳಗೆ ಮಾಡಿ."

"ಬೋಲ್ಟ್ ಬಿಚ್ಚಿರ್ಲಿಲ್ವಾ?"

ಡ್ವೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬಿಚ್ಬೇಡ, ಪಿನ್ನು ಒಲೆ ಕಲ್ಲೊಳಗೆ ಬಿದ್ರೆ ಸಿಗಲ್ಲ ಅಂದ್ರಲ್ಲ... ನೀವೇ."

ಐಲಾ ನಗು ತಡೆಯಲು ಬಾಯಿಗೆ ಪಾಸ್ಟಿ ತುರುಕಿಕೊಂಡಳು. ರೇನೊ ನಗಲಿಲ್ಲ.

"ಮತ್ತೆ ಕಂಬಳಿ ಯಾಕೆ ಸುತ್ತಿದೆ?"

"ನೀವು ನನ್ನ ಕೈನೇ ನೋಡ್ತಿದ್ರಿ. ಈ ಮನೆಗೆ ಮೊದಲ್ನೇ ಸಲ ಬಂದಾಗ್ಲೂ ಹಂಗೇ ನೋಡಿದ್ರಿ. ಏನಾಯ್ತು ಅಂತ ನನಗೇ ಗೊತ್ತಿಲ್ಲ, ನಿಮಗೇನು ಹೇಳ್ಲಿ? ಹೆದ್ರಿಕೆ ಆಯ್ತು, ಅಷ್ಟೇ."

ರೇನೊ ಎದ್ದು ಗೋಡೆಯ ಫೋನಿನಲ್ಲಿ ಟ್ರೆಂಬತ್‌ನನ್ನು ಕರೆದ. "ಗ್ರೀಸು ಕಣೋ. ನನ್ನ ಸೌನಾದ್ದು. ತಪ್ಪೂ ನಂದೇ. ಪಿನ್ನು ಹೊರಗೆ ಕಚ್ಕೊಂಡಿದೆ."

"ಅಳಿಯನ ಪರ ವಕಾಲತ್ತು ಶುರುವಾಯ್ತಾ?" ಆ ಕಡೆಯ ಧ್ವನಿ ಇನ್ನೂ ಮೆತ್ತಗಾಗಿರಲಿಲ್ಲ. "ಒರೆಸ್ಬೇಡ, ನಾನು ಬಂದು ನೋಡ್ತೀನಿ. ಎಷ್ಟು ಹೊರಗಿದೆ ಹೇಳು. ಒಂದು ಮಿಲಿಮೀಟರ್ ದಾಟಿದ್ರೆ ಒಪ್ತೀನಿ."

ಡ್ರಾಯರಿನಲ್ಲಿ ಪ್ರಯೋಗಾಲಯದ ಕಾಲದ ಕ್ಯಾಲಿಪರ್ ಇತ್ತು. ಅದನ್ನು ರೇನೊ ಇದುವರೆಗೆ ಯಾರ ಕೈಗೂ ಕೊಟ್ಟವನಲ್ಲ. ಬಟ್ಟೆಯಿಂದ ಬಿಡಿಸಿ ಡ್ವೇನ್‌ನ ಮುಂದೆ ಹಿಡಿದ.

"ನೀನೇ ಅಳೆ. ಜೋರಾಗಿ ಓದು, ಅವನಿಗೂ ಕೇಳಲಿ."

ಡ್ವೇನ್ ಕೈ ಒರೆಸಿಕೊಂಡು, ಪಿನ್ನಿನ ಮೂತಿಗೆ ಕ್ಯಾಲಿಪರಿನ ಕಡ್ಡಿ ತಾಗಿಸಿ, ಬೆಳಕಿನತ್ತ ತಿರುಗಿದ. ರೇನೊ ಫೋನನ್ನು ಅವನತ್ತ ಚಾಚಿದ. ಈ ಸಲ ಅವನ ಕೈ ನೋಡಲಿಲ್ಲ.

"ಒಂದು ಪಾಯಿಂಟ್ ಮೂರು ಮಿಲಿಮೀಟರ್."