ಕೆಲವರಿಗೆ ತೆರೆಯುವ ಬಾಗಿಲು

ದಾಳ ಉರುಳಿಸಿ ಕತೆ ಕಟ್ಟುವ ಆ ಆಟದ ಪುಸ್ತಕ ಬಲು ಜಿಪುಣ. ಅನ್ಯಗ್ರಹದ ಹಾಳೂರಿನ ಒಂದೊಂದು ಜಾಗಕ್ಕೂ ಒಂದೇ ಸಾಲು. ಕೊನೆಯದಂತೂ ಇಷ್ಟೇ: ‘ಈ ಬಾಗಿಲು ಕೆಲವರಿಗೆ ತೆರೆಯುತ್ತದೆ.’ ಯಾರಿಗೆ, ಏಕೆ ಎಂದು ವಾರವಿಡೀ ತಲೆ ಕೆರೆದುಕೊಂಡರೂ ಆಟ ನಡೆಸಬೇಕಾದ ಮೇಧಿನಿಗೆ ಹೊಳೆಯಲಿಲ್ಲ.

ಭಾನುವಾರ ಹಳೇಬೀಡಿನ ಅವಳ ಮನೆಯ ಜಗಲಿಯ ಮೇಲೆ ಗೆಳೆಯರಾದ ಬೀರೇಶ್, ಸುಷ್ಮಿತಾ ಗಗನಯಾತ್ರಿಗಳಾಗಿ ಕೂತರು. ಪುಸ್ತಕ ಹೇಳದ್ದನ್ನೆಲ್ಲ ಮೇಧಿನಿ ಪಕ್ಕದ ಹುಲಿಕೆರೆಯ ಹಳೆಯ ಕಲ್ಯಾಣಿಯನ್ನು ನೆನೆದು ತುಂಬಿದಳು: ಕೆಳಗಿಳಿಯುವ ಕಲ್ಲುಮೆಟ್ಟಿಲು, ಸುತ್ತ ಪುಟ್ಟ ಗುಡಿಗಳು, ಕದಲದ ನೀರು, ಅದರಾಚೆ ಮುಚ್ಚಿದ ಬಾಗಿಲು.

ಆಟದಲ್ಲಿ ಸುಷ್ಮಿತಾ ಬಾಗಿಲಿಗೆ ಗುಂಡು ಹಾರಿಸಿ ನೋಡಿದಳು. ಬಾಗಿಲು ಮಿಸುಕಲಿಲ್ಲ.

“ನಾನು ಬೂಟು ಬಿಚ್ಚಿಟ್ಟು ಹೋಗ್ತೀನಿ,” ಎಂದ ಬೀರೇಶ್.

“ಅಲ್ಲಿ ಗಾಳೀನೇ ಇಲ್ಲ ಕಣೋ, ಸತ್ತೋಗ್ತೀಯ,” ಎಂದು ಸುಷ್ಮಿತಾ ನಕ್ಕಳು.

ಬೀರೇಶ್ ಪೆಚ್ಚಾದ. “ಹೌದಲ್ವಾ. ಗುಡಿ ಥರ ಐತೆ, ಮೆಟ್ಕೊಂಡು ಹೆಂಗೆ ಹೋಗೋದು ಅನ್ನಿಸ್ತು.”

ಮೇಧಿನಿಯ ಕಣ್ಣು ಜಗಲಿಯ ಕೆಳಗೆ ಅವರಿಬ್ಬರೂ ಬಿಟ್ಟಿದ್ದ ಚಪ್ಪಲಿಗಳತ್ತ ಹೋಯಿತು.

“ಕಾಲು ಮರಗಟ್ಟುತ್ತೆ,” ಎಂದಳು ನಿಧಾನವಾಗಿ. “ಆದ್ರೆ ಬಾಗಿಲು ತೆರ್ಕೊಳ್ತು. ಒಳಗಿನ ಬೆಳಕಲ್ಲಿ ನೋಡ್ತೀಯ, ಹೊಸ್ತಿಲ ಪಕ್ಕ ಯಾರೋ ಬಿಟ್ಟ ಚಪ್ಪಲಿ ಸಾಲಾಗಿವೆ. ಒಂದೊಂದು ಜೊತೆಯಲ್ಲೂ ಮೂರ್ಮೂರು.”